ಏಡಿ, ಎಲುಬು ಮತ್ತು ಸಿಟ್ಟು

ವಿಜ್ಞಾನಕ್ಕೆ ಜಾತಿ ಇಲ್ಲ ಎನ್ನುತ್ತಾರೆ. ಒಪ್ಪಿಕೊಳ್ಳೋಣ. ಮಂಗನ ಕಾಯಿಲೆಯ ಉಣುಗು ಕಚ್ಚುವ ಮುಂಚೆ ಯಾರ ಕುಲವನ್ನೂ ವಿಚಾರಿಸುವುದಿಲ್ಲ. ಆದರೆ ವಿಜ್ಞಾನದ ಹೆಸರಿನಲ್ಲಿ ಸಭೆ ಸೇರಿದಾಗ ಯಾರು ಕುರ್ಚಿಯಲ್ಲಿ ಕೂರುತ್ತಾರೆ, ಯಾರು ಬಾಗಿಲ ಹತ್ತಿರ ನಿಲ್ಲುತ್ತಾರೆ, ಯಾರ ಮಾತನ್ನು ‘ಅಭಿಪ್ರಾಯ’ ಎಂದು ಬರೆದುಕೊಳ್ಳುತ್ತಾರೆ, ಯಾರ ಮಾತನ್ನು ‘ಗಲಾಟೆ’ ಎಂದು ಬರೆದುಕೊಳ್ಳುತ್ತಾರೆ, ಇದಕ್ಕೆಲ್ಲ ಜಾತಿ ಇದೆ. ಇದನ್ನು ತಿಳಿಯಲು ಯಾವ ಪ್ರಯೋಗಾಲಯವೂ ಬೇಡ. ಒಂದು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತುಕೊಂಡರೆ ಸಾಕು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇಂಥ ಸಭೆಗಳಲ್ಲಿ ನಾನು ಒಂದು ಮಾತನ್ನು ಬಹಳ ಸಲ ಕೇಳಿದ್ದೇನೆ. ‘ನೋಡಿ, ಇದು ವಿಜ್ಞಾನದ ವಿಷಯ, ಭಾವನೆಗೆ ಒಳಗಾಗಬೇಡಿ.’ ಈ ಮಾತನ್ನು ಯಾರಿಗೆ ಹೇಳುತ್ತಾರೆ ಎಂಬುದನ್ನು ಗಮನಿಸಿ. ಮಗನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದ ತಾಯಿಗೆ ಹೇಳುತ್ತಾರೆ. ಸೊಂಟ ಹಿಡಿದುಕೊಂಡು ನಿಂತ ಕೂಲಿಯವನಿಗೆ ಹೇಳುತ್ತಾರೆ. ಪ್ರಶ್ನೆ ಕೇಳಿದ ಕೂಡಲೇ ಮೇಜು ಕುಟ್ಟುವ ಅಧಿಕಾರಿಗೆ ಯಾರೂ ಹೇಳುವುದಿಲ್ಲ. ಅವನ ಸಿಟ್ಟಿಗೆ ಶಿಸ್ತು ಎಂದು ಹೆಸರು. ನಮ್ಮ ಸಿಟ್ಟಿಗೆ ಭಾವಾವೇಶ ಎಂದು ಹೆಸರು. ಹಾಗಾದರೆ ವಿಜ್ಞಾನದ ಚರ್ಚೆಯಲ್ಲಿ ಸಿಟ್ಟಿಗೆ, ಅಳುವಿಗೆ, ಭಯಕ್ಕೆ, ಅನುಮಾನಕ್ಕೆ ಜಾಗವೇ ಇಲ್ಲವೇ? ಇದ್ದರೆ ಎಷ್ಟು ಜಾಗ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕೆಳದಿಯ ಆಸುಪಾಸಿನಲ್ಲೇ, ಸಾಗರ ತಾಲೂಕಿನಲ್ಲೇ, ಹಂದಿಗೋಡು ಇದೆ.

ಈಗಿನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿರಬಹುದು, ಆದ್ದರಿಂದ ಹೇಳುತ್ತೇನೆ. 1974-75ರ ಹೊತ್ತಿಗೆ ಹಂದಿಗೋಡಿನಲ್ಲಿ ಒಂದು ವಿಚಿತ್ರ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮೊಣಕಾಲಿನ ಕೀಲು ನೋಯುತ್ತವೆ. ನೋವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ನಡಿಗೆ ಸೊಟ್ಟಗಾಗುತ್ತದೆ, ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ, ಕೊನೆಗೆ ಕೋಲು ಹಿಡಿದು, ಕೆಲವರು ನೆಲದ ಮೇಲೆ ತೆವಳಿ ಬದುಕಬೇಕು. ಕೆಲವರಲ್ಲಿ ಬೆನ್ನುಮೂಳೆಯ ಬಿಲ್ಲೆಗಳೇ ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ಇನ್ನು ಕೆಲವರು ಬೆಳೆಯುವುದೇ ಇಲ್ಲ, ಕುಳ್ಳಾಗಿ ಉಳಿಯುತ್ತಾರೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಹಳ್ಳಿಗಳಲ್ಲಿ ಈ ಕಾಯಿಲೆ ಇದೆ. ಇರುವುದು ಚನ್ನಂಗಿ ಮತ್ತು ಛಲವಾದಿ ಸಮುದಾಯಗಳಲ್ಲಿ. ಅಂದರೆ ನಮ್ಮ ಕೇರಿಗಳಲ್ಲಿ. ಗದ್ದೆ ನಾಟಿ ಮಾಡಿ, ತೋಟಕ್ಕೆ ಸೊಪ್ಪು ಹೊತ್ತು, ದಿನಗೂಲಿಯ ಮೇಲೆ ಉಸಿರು ಹಿಡಿದವರಲ್ಲಿ.

ಸೊಂಟ ಬಗ್ಗದಿದ್ದರೆ ನಾಟಿ ಇಲ್ಲ. ನಾಟಿ ಇಲ್ಲದಿದ್ದರೆ ಗಂಜಿ ಇಲ್ಲ. ಓದಿದವರಿಗೆ ಕೀಲುನೋವು ಎಂದರೆ ಒಂದು ಕಾಯಿಲೆ. ಕೂಲಿಯವನಿಗೆ ಅದು ಅವನಿದ್ದ ಒಂದೇ ಆಸ್ತಿಯ ಜಪ್ತಿ.

ಆಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ಅವರ ಅಧ್ಯಯನ 1977ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಕಾಯಿಲೆಗೆ ಕೊಟ್ಟ ಹೆಸರು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಅರ್ಥದ್ದು. ಆ ‘ಕೌಟುಂಬಿಕ’ ಎಂಬ ಶಬ್ದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಮಾತು ಎದ್ದಿತು. ಹೊಸ ಭತ್ತದ ತಳಿಗಳ ಜೊತೆಗೆ ಗದ್ದೆಗೆ ಎಂಡ್ರಿನ್, ಪ್ಯಾರಥಿಯಾನ್ ಮುಂತಾದ ವಿಷಗಳು ಬಂದಿದ್ದವು. ಗದ್ದೆಯ ನೀರಿನಲ್ಲಿ, ಬದುವಿನ ಬಿಲದಲ್ಲಿ ಏಡಿ. ಏಡಿಯನ್ನು ಹಿಡಿದು ತಿನ್ನುವವರು ಬಡವರು. ವಿಷ ಗದ್ದೆಯಿಂದ ಏಡಿಗೆ, ಏಡಿಯಿಂದ ಎಲುಬಿಗೆ ಹೋಗಿರಬಹುದು ಎಂಬ ಊಹೆ. ಪತ್ರಿಕೆಗಳು ಇದನ್ನು ಎತ್ತಿಕೊಂಡವು. ದೇಶದ ಪರಿಸರದ ಬಗ್ಗೆ ಬರೆದವರಲ್ಲಿ ಕೆಲವರು ಹಂದಿಗೋಡಿನ ಏಡಿಯನ್ನು ಹೆಸರಿಸಿದರು.

ಈ ಊಹೆ ಮೂರ್ಖತನದ್ದಾಗಿರಲಿಲ್ಲ. ಎಂಡ್ರಿನ್ ನಿಜವಾಗಿ ಘೋರ ವಿಷ. ನಮ್ಮ ದೇಶವೂ ಆಮೇಲೆ ಅದನ್ನು ನಿಷೇಧಿಸಿತು. ಆದ್ದರಿಂದ ವಿಜ್ಞಾನಿಗಳು ಹಾಗೆ ಯೋಚಿಸಿದ್ದು ಸರಿಯೇ. ನಾನು ಇಲ್ಲಿ ಕೇಳುವುದು ಬೇರೆ. ಆ ಊಹೆ ಊರಿಗೆ ಬಂದಾಗ ಏನೇನು ಭಾವನೆಗಳನ್ನು ಹೊತ್ತು ತಂದಿತು?

ನಮ್ಮ ಕಡೆಯವರಿಗೆ ಅದು ಸಿಟ್ಟು ತಂದಿತು. ಗದ್ದೆ ಒಡೆಯರದು, ಔಷಧಿ ಕಂಪನಿಯದು, ಸಲಹೆ ಇಲಾಖೆಯದು, ಎಲುಬು ಮಾತ್ರ ನಮ್ಮದು! ಈ ಸಿಟ್ಟು ನ್ಯಾಯವಾದದ್ದು. ಊರಿನ ಮೇಲಿನ ಬೀದಿಯವರಿಗೆ ಅದೇ ಊಹೆ ಹೇಸಿಗೆ ತಂದಿತು. ‘ಕಂಡಕಂಡದ್ದನ್ನು ತಿಂದರೆ ಹೀಗೇ ಆಗೋದು’ ಎಂಬ ಮಾತು ಎಷ್ಟು ಸಲೀಸಾಗಿ ಹೊರಟಿತು! ಏಡಿ ತಿನ್ನುವವರು ಮಲೆನಾಡಿನಲ್ಲಿ ಎಷ್ಟೋ ಜಾತಿಯವರಿದ್ದಾರೆ. ಮಳೆಗಾಲದಲ್ಲಿ ಹಳ್ಳದ ಏಡಿಯ ಸಾರು ಇಲ್ಲಿ ಎಷ್ಟೋ ಮನೆಗಳ ಹಬ್ಬ. ಆದರೂ ಬಯ್ಗುಳ ಬಿದ್ದದ್ದು ಕೇರಿಯ ಏಡಿಗೆ ಮಾತ್ರ. ವಿಷ ಸುರಿದ ಕೈಯನ್ನು ಬಿಟ್ಟು ಏಡಿ ಹಿಡಿದ ಕೈಯನ್ನು ಬಯ್ದರು. ಹೇಸಿಗೆಯೂ ಒಂದು ಭಾವನೆ ಅಲ್ಲವೇ? ಅದನ್ನು ಯಾರೂ ಭಾವಾವೇಶ ಎನ್ನಲಿಲ್ಲ. ಅದು ಆರೋಗ್ಯ ಶಿಕ್ಷಣದ ವೇಷ ಹಾಕಿಕೊಂಡು ಬಂತು.

ಕೇರಿಯ ಒಬ್ಬ ಅಜ್ಜಿ ನನಗೆ ಹೇಳಿದ ಮಾತಿದೆ. ‘ಏಡಿ ನಮ್ ಅಜ್ಜನೂ ತಿಂದಿದ್ದ, ಆಚೆ ಕೇರಿಯೋರೂ ತಿಂತಾರೆ. ಅವರಿಗಿಲ್ಲದ್ದು ನಮಗೆ ಯಾಕ್ ಬಂತು ಮೇಷ್ಟ್ರೇ? ಏಡಿ ಬಿಡಿ ಅಂತಾರೆ. ಬಿಟ್ರೆ ತಿನ್ನಕೆ ಎಂತ ಐತೆ?’ ಇದರಲ್ಲಿ ಎರಡು ಪ್ರಶ್ನೆಗಳಿವೆ. ಕೊನೆಯದು ಹೊಟ್ಟೆಯ ಪ್ರಶ್ನೆ. ಮೊದಲನೆಯದು ಅಪ್ಪಟ ವಿಜ್ಞಾನದ ಪ್ರಶ್ನೆ. ಒಂದೇ ಊಟ ಉಣ್ಣುವ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕಾಯಿಲೆ ಬಂದರೆ ಊಟದಾಚೆಗೂ ನೋಡಬೇಕು ಎಂದು ವಿಜ್ಞಾನದ ಪುಸ್ತಕವೂ ಹೇಳುತ್ತದೆ. ಅಜ್ಜಿ ಇದನ್ನು ಸಿಟ್ಟಿನಲ್ಲಿ ಕೇಳಿದಳು, ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಅಷ್ಟಕ್ಕೆ ಪ್ರಶ್ನೆಯ ತೂಕ ಕಡಿಮೆಯಾಗುತ್ತದೆಯೇ? ಅವಳು ನಗುತ್ತ ಕೇಳಿದ್ದರೆ ಯಾರಾದರೂ ಬರೆದುಕೊಳ್ಳುತ್ತಿದ್ದರೇ?

ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡೆಯಿಂದ ಅಧ್ಯಯನಗಳು ನಡೆದವು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ವಂಶಾವಳಿ ಬರೆದರು. 1990ರ ದಶಕದಲ್ಲಿ ಪ್ರಕಟವಾದ ಲೇಖನಗಳು ಹೇಳಿದ್ದು ಇದು: ಹಂದಿಗೋಡು ಕಾಯಿಲೆ ವಂಶದಲ್ಲಿ ಇಳಿದು ಬರುವ ಎಲುಬಿನ ಬೆಳವಣಿಗೆಯ ದೋಷ. ಇದಕ್ಕೆ ಕಾರಣವಾದ ವಂಶವಾಹಿ ‘ಪ್ರಬಲ’ ಜಾತಿಯದು. ವಿಷದ ಊಹೆ ಹಿಂದೆ ಸರಿಯಿತು. 1977ರ ಹೆಸರಿನಲ್ಲೇ ಅಡಗಿದ್ದ ‘ಕೌಟುಂಬಿಕ’ ಎಂಬ ಶಬ್ದ ಮುಂದೆ ಬಂತು.

ಈ ಉತ್ತರ ನಮ್ಮ ಚಳವಳಿಯ ಗೆಳೆಯರಲ್ಲಿ ಎಷ್ಟೋ ಜನರಿಗೆ ರುಚಿಸಲಿಲ್ಲ. ಈಗಲೂ ರುಚಿಸುವುದಿಲ್ಲ. ‘ವಿಷದವರನ್ನು ಬಚಾವು ಮಾಡಲಿಕ್ಕೆ ಹೀಗೆ ಬರೆದರು’ ಎನ್ನುತ್ತಾರೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ವಿಷ ಎಂದರೆ ಎದುರಿಗೆ ಒಬ್ಬ ಅಪರಾಧಿ ಇರುತ್ತಾನೆ, ಅವನ ವಿರುದ್ಧ ಧಿಕ್ಕಾರ ಕೂಗಬಹುದು, ಪರಿಹಾರ ಕೇಳಬಹುದು. ವಂಶ ಎಂದರೆ ಅಪರಾಧಿ ಎಲ್ಲಿ? ಅಪ್ಪನೇ? ಅವ್ವನೇ? ಸಾವಿರಾರು ವರ್ಷ ‘ನಿಮ್ಮ ಹುಟ್ಟೇ ಸರಿಯಿಲ್ಲ’ ಎಂದು ಕೇಳಿಸಿಕೊಂಡ ಜನಕ್ಕೆ ‘ದೋಷ ನಿಮ್ಮ ರಕ್ತದಲ್ಲಿದೆ’ ಎಂಬ ಮಾತು ಹೇಗೆ ಕೇಳಿಸಬೇಕು? ಮನುಸ್ಮೃತಿಯನ್ನೇ ಎಕ್ಸ್‌ರೇ ಹಾಳೆಯ ಮೇಲೆ ಬರೆದು ಕೊಟ್ಟ ಹಾಗೆ ಕೇಳಿಸುತ್ತದೆ.

ಆದರೆ ಗೆಳೆಯರೇ, ಇಲ್ಲಿ ನಾವು ನಿಂತು ಯೋಚಿಸಬೇಕು. ಉತ್ತರ ನೋವು ಕೊಡುತ್ತದೆ ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ನಮ್ಮ ಸಿಟ್ಟಿಗೆ ಒಪ್ಪುತ್ತದೆ ಎಂಬ ಕಾರಣಕ್ಕೆ ಏಡಿಯ ಕತೆ ನಿಜವಾಗುವುದಿಲ್ಲ. ಸಿಟ್ಟು ಪ್ರಶ್ನೆಯನ್ನು ಎಬ್ಬಿಸಬಲ್ಲದು. ಉತ್ತರವನ್ನು ಅದೇ ಬರೆಯಲಾರದು. ಏಡಿ ಬಿಟ್ಟರೆ ಮಕ್ಕಳು ನೆಟ್ಟಗಾಗುತ್ತಾರೆ ಎಂದು ನಂಬಿ ಇನ್ನೊಂದು ತಲೆಮಾರು ಕೂತರೆ ನಷ್ಟ ಯಾರಿಗೆ? ಕಂಪನಿಗಲ್ಲ. ಕೇರಿಯ ಕೂಸಿಗೆ.

ಹಾಗೆಂದು ವಂಶದ ಉತ್ತರವನ್ನು ಮೇಲಿನ ಬೀದಿಯವರು ಹೇಳಿದ ರೀತಿಯಲ್ಲಿ ಒಪ್ಪಿಕೊಳ್ಳಬೇಕೇ? ಖಂಡಿತ ಬೇಡ. ಅವರು ಹೇಳಿದ್ದೇನು? ‘ಒಳಗೊಳಗೇ ಮದುವೆ ಮಾಡಿಕೊಂಡು ತಂದುಕೊಂಡರು.’ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಕರ್ನಾಟಕದ ಎಷ್ಟೋ ಜಾತಿಗಳಲ್ಲಿ ಇಲ್ಲವೇ? ಅದೂ ಇರಲಿ, ವಿಜ್ಞಾನವನ್ನೇ ಕೇಳೋಣ. ಶಾಲೆಯ ಮಕ್ಕಳಿಗೆ ನಾನು ಒಂದು ನಾಣ್ಯ ಹಿಡಿದು ಇದನ್ನು ವಿವರಿಸುತ್ತೇನೆ. ವಂಶದ ಕಾಯಿಲೆಗಳಲ್ಲಿ ಒಂದು ಬಗೆ ‘ಸುಪ್ತ’. ಅದು ಅಪ್ಪ, ಅವ್ವ ಇಬ್ಬರಿಂದಲೂ ಬಂದರೆ ಮಾತ್ರ ಎದ್ದು ಕಾಣುತ್ತದೆ. ಅಂಥ ಕಾಯಿಲೆಗಳಲ್ಲಿ ರಕ್ತಸಂಬಂಧದ ಮದುವೆ ಅಪಾಯ ಹೆಚ್ಚಿಸುತ್ತದೆ. ಇನ್ನೊಂದು ಬಗೆ ‘ಪ್ರಬಲ’. ಅದು ಒಬ್ಬರಿಂದ ಬಂದರೂ ಸಾಕು. ಅಪ್ಪ ಅಥವಾ ಅವ್ವ ಒಬ್ಬರಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ನಾಣ್ಯ ಚಿಮ್ಮಿದ ಹಾಗೆ, ಎರಡರಲ್ಲಿ ಒಂದು. ಮದುವೆಯಾದವರು ಸಂಬಂಧಿಕರೋ, ನೂರು ಮೈಲಿ ದೂರದವರೋ, ಆ ಲೆಕ್ಕ ಬದಲಾಗುವುದಿಲ್ಲ. ಹಂದಿಗೋಡು ಕಾಯಿಲೆ ಈ ಎರಡನೆಯ ಬಗೆಯದು ಎಂದೇ ಅಧ್ಯಯನ ಹೇಳಿದ್ದು. ಅಂದಮೇಲೆ ‘ಒಳಗೊಳಗೇ ಮದುವೆಯಾಗಿ ತಂದುಕೊಂಡರು’ ಎಂಬ ಮಾತಿಗೆ ಆಧಾರವೆಲ್ಲಿ? ತಾತ್ಸಾರ ಎಂಬ ಹಳೆಯ ಭಾವನೆ ಅಲ್ಲಿ ವಿಜ್ಞಾನದ ಬಿಳಿ ಕೋಟು ತೊಟ್ಟುಕೊಂಡು ಮಾತಾಡುತ್ತಿತ್ತು, ಅಷ್ಟೇ.

ಹಾಗಾದರೆ ಈ ಕಾಯಿಲೆ ಈ ಎರಡು ಸಮುದಾಯಗಳಲ್ಲೇ ಯಾಕೆ ಉಳಿಯಿತು? ಇದಕ್ಕೂ ಉತ್ತರವಿದೆ, ಆದರೆ ಅದನ್ನು ಹೇಳಲು ಅವರಿಗೆ ಬಾಯಿ ಬರುವುದಿಲ್ಲ. ಜಾತಿಯ ಗೋಡೆಯೊಳಗೆ ಹುಟ್ಟಿದ್ದು ಜಾತಿಯ ಗೋಡೆಯೊಳಗೇ ಉಳಿಯುತ್ತದೆ. ಆ ಗೋಡೆಯನ್ನು ಕಟ್ಟಿದವರು ಕೇರಿಯವರಲ್ಲ. 1916ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಮೂಲವೇ ಒಳಮದುವೆಯ ಕಟ್ಟಳೆ ಎಂದು ತೋರಿಸಿದ್ದರು. ಮೇಲಿನವರು ಬಾಗಿಲು ಹಾಕಿಕೊಂಡರು, ಆಗ ಉಳಿದವರು ಹೊರಗೆ ಬಂದಿಯಾದರು. ಹಂದಿಗೋಡಿನ ಎಕ್ಸ್‌ರೇಯಲ್ಲಿ ಕಾಣುವ ಸವೆದ ಸೊಂಟದ ಹಿಂದೆ ಆ ಬಾಗಿಲು ಇದೆ. ವಂಶವಾಹಿಯನ್ನು ಜಾತಿ ಹುಟ್ಟಿಸಲಿಲ್ಲ. ಅದು ಎಲ್ಲಿ ತಿರುಗಬೇಕು ಎಂಬುದನ್ನು ಮಾತ್ರ ಜಾತಿ ನಿರ್ಧರಿಸಿತು. ನಮ್ಮ ಸಿಟ್ಟಿಗೆ ಕಾರಣ ತಪ್ಪಿಹೋಯಿತು ಎಂದು ಕೊರಗುವ ಗೆಳೆಯರು ಇಲ್ಲಿ ನೋಡಲಿ. ಕಾರಣ ಇನ್ನೂ ಆಳಕ್ಕೆ ಇಳಿಯಿತು.

ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನಲ್ಲಿ ಮ್ಸೆಲೆನಿ ಎಂಬ ಊರಿದೆ. ಅಲ್ಲಿನ ಕರಿಯ ಜನರಲ್ಲಿ ಇಂಥದೇ ಸೊಂಟದ ಕಾಯಿಲೆ ಇದೆಯೆಂದು 1970ರಲ್ಲಿ ವರದಿಯಾಯಿತು, ವರ್ಣಭೇದದ ಸರಕಾರವಿದ್ದ ಕಾಲದಲ್ಲಿ. 1997ರಲ್ಲಿ ನಮ್ಮ ವಿಜ್ಞಾನಿಗಳು ಹಂದಿಗೋಡನ್ನೂ ಮ್ಸೆಲೆನಿಯನ್ನೂ ಪಕ್ಕದಲ್ಲಿಟ್ಟು ಇವೆರಡೂ ಒಂದೇ ಏನು ಎಂದು ಕೇಳಿದರು. ನನಗೆ ಕಾಣುವ ಇನ್ನೊಂದು ಹೋಲಿಕೆ ಇದೆ. ಎರಡೂ ಕಡೆ ಬಡವರ ಊರಿನ ಹೆಸರು ಕಾಯಿಲೆಯ ಹೆಸರಾಯಿತು. ಹಂದಿಗೋಡು ಎಂದರೆ ಒಂದು ಊರು, ಅಲ್ಲಿ ಗದ್ದೆ ಇದೆ, ಜನರಿದ್ದಾರೆ ಎಂಬುದು ಮರೆತು ಅದೊಂದು ರೋಗ ಎಂದಾಯಿತು. ಸಂಬಂಧ ಕೇಳಲು ಬಂದವರು ಊರಿನ ಹೆಸರು ಕೇಳಿಯೇ ಎದ್ದು ಹೋದರೆ ಆ ಮನೆಯ ಹೆಣ್ಣುಮಗಳಿಗೆ ಏನನ್ನಿಸಬೇಡ? ಊರಿನ ಹೆಸರನ್ನು, ಜನರ ಹೆಸರನ್ನು ಹೊಸ ರೋಗಗಳಿಗೆ ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಊರಿನವರ ಅವಮಾನ ಒಂದು ಭಾವನೆ ತಾನೇ? ಆ ಭಾವನೆಯಲ್ಲಿ ಸತ್ಯವಿತ್ತು ಎಂದು ವಿಜ್ಞಾನ ಕೊನೆಗೆ ಒಪ್ಪಿತು. ಒಪ್ಪಲು ಇಷ್ಟು ವರ್ಷ ಬೇಕಾಯಿತು.

ಹಾಗಾದರೆ ವಿಷದ ಮೇಲೆ ಸಿಟ್ಟಾಗುವುದೇ ತಪ್ಪೇ ಎಂದು ಯಾರಾದರೂ ಕೇಳಬಹುದು. ಅವರು ಘಟ್ಟ ಇಳಿದು ಕಾಸರಗೋಡಿಗೆ ಹೋಗಿ ಬರಲಿ. ಅಲ್ಲಿನ ಕನ್ನಡ, ತುಳು ಮಾತಾಡುವ ಹಳ್ಳಿಗಳಲ್ಲಿ, ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2000ದವರೆಗೂ ಸುರಿದರು. ತೋಟ ಕೇರಳ ಸರಕಾರದ ನಿಗಮದ್ದು. ಮಕ್ಕಳು ಅಂಗವಿಕಲರಾಗಿ ಹುಟ್ಟುತ್ತಿದ್ದಾರೆ, ಬುದ್ಧಿ ಬೆಳೆಯುತ್ತಿಲ್ಲ ಎಂದು ತಾಯಂದಿರು ಅತ್ತರು. ಅವರಿಗೂ ಹೇಳಿದ್ದು ಅದೇ ಮಾತು, ಭಾವನೆಗೆ ಒಳಗಾಗಬೇಡಿ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಔಷಧಿ ಬೀಳದ ಮೀಂಜದ ಮಕ್ಕಳ ಜೊತೆ ಹೋಲಿಸಿ ನೋಡಿ, 2002ರಲ್ಲಿ ಎಂಡೋಸಲ್ಫಾನಿನ ಕಡೆಗೇ ಬೊಟ್ಟು ಮಾಡಿದರು. ಬೇರೆ ಸಮಿತಿಗಳು ಸಂಬಂಧ ಸಾಬೀತಾಗಿಲ್ಲ ಎಂದವು. ವಾದ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಪಡ್ರೆಯಲ್ಲಿ ತಾಯಿಯ ಸಿಟ್ಟು ವಿಷವನ್ನು ತೋರಿಸಿತು, ಹೋಲಿಸಿ ನೋಡಿದ ಅಧ್ಯಯನವೂ ಅದನ್ನೇ ತೋರಿಸಿತು. ಹಂದಿಗೋಡಿನಲ್ಲಿಯೂ ಸಿಟ್ಟು ವಿಷವನ್ನು ತೋರಿಸಿತು, ಕಾರಣ ಬೇರೆ ಕಡೆ ಇತ್ತು. ಎರಡೂ ಕಡೆ ಕಣ್ಣೀರು ಒಂದೇ ಉಪ್ಪು. ಆದ್ದರಿಂದ ಸಿಟ್ಟು ಬಂದಿದೆ ಎಂಬುದೇ ಪುರಾವೆ ಎನ್ನುವವರೂ ತಪ್ಪು, ಸಿಟ್ಟು ಬಂದಿದೆ ಆದ್ದರಿಂದ ಪುರಾವೆ ಇಲ್ಲ ಎನ್ನುವವರೂ ತಪ್ಪು. ಸಿಟ್ಟು ಹೇಳುವುದು ಇಷ್ಟೇ: ಇಲ್ಲಿ ನೋವಿದೆ, ಬಂದು ನೋಡು. ನೋಡುವ ಕೆಲಸವನ್ನು ಆಮೇಲೆ ಮಾಡಲೇಬೇಕು. ಪಡ್ರೆಯಲ್ಲಿ ಆ ಕೂಗು ಏಳದೆ ಇದ್ದಿದ್ದರೆ ಅಹಮದಾಬಾದಿನಿಂದ ಯಾರಾದರೂ ಬರುತ್ತಿದ್ದರೇ?

ಇನ್ನು ಭಯ ಮತ್ತು ಅನುಮಾನದ ಮಾತು. ಅದಕ್ಕೆ ಮಂಗನ ಕಾಯಿಲೆಯೇ ಪಾಠ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಿಗೆ ಹೋದವರು ಜ್ವರದಲ್ಲಿ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಗುರುತಿಸಿದರು. ಆ ಕೇಂದ್ರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಭಾಗಿತ್ವದಲ್ಲಿ ಶುರುವಾದದ್ದು. ಈ ವೈರಸ್ಸು ರಷ್ಯಾದ ಒಂದು ಮಿದುಳುಜ್ವರದ ವೈರಸ್ಸಿಗೆ ದಾಯಾದಿಯಾಗಿತ್ತು. ವಲಸೆ ಹಕ್ಕಿಗಳು ಸೈಬೀರಿಯಾದಿಂದ ಇದನ್ನು ತಂದವೇ ಎಂದು ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಅಧ್ಯಯನ ನಡೆಯಿತು, ಅದಕ್ಕೆ ಹೊರದೇಶದ ಹಣ ಬಂತು. 1974-75ರಲ್ಲಿ ಪತ್ರಿಕೆಗಳಲ್ಲಿ, ಸಂಸತ್ತಿನ ಸಮಿತಿಯಲ್ಲಿ ದೊಡ್ಡ ಗದ್ದಲವಾಯಿತು. ಹಕ್ಕಿ, ಸೊಳ್ಳೆಗಳ ಹೆಸರಿನಲ್ಲಿ ರೋಗಾಣು ಯುದ್ಧದ ತಯಾರಿ ನಡೆಯುತ್ತಿದೆಯೇ ಎಂಬ ಅನುಮಾನ. ದೆಹಲಿಯ ಸಂಸತ್ ಸದಸ್ಯರು ಅನುಮಾನಪಟ್ಟರೆ ಅದು ರಾಷ್ಟ್ರೀಯ ಭದ್ರತೆಯ ಕಾಳಜಿ. ಸೊಪ್ಪು ತರಲು ಕಾಡಿಗೆ ಹೋಗುವ ಹೆಂಗಸು ‘ಈ ಸೂಜಿಯಲ್ಲಿ ಎಂತ ಐತೆ?’ ಎಂದು ಕೇಳಿದರೆ ಅದು ಮೌಢ್ಯ!

ಆ ಸೂಜಿಯ ಕತೆಯನ್ನೂ ಕೇಳಿ. ಮಂಗನ ಕಾಯಿಲೆಗೆ ಚುಚ್ಚುಮದ್ದು ಇತ್ತು. ಚುಚ್ಚಿದ ಕಡೆ ಉರಿ, ನೋವು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ‘ಚುಚ್ಚಿಸಿಕೊಂಡ್ರೂ ಜ್ವರ ಬಂತಲ್ಲ’ ಎಂದು ಜನ ಹೇಳುತ್ತಿದ್ದರು. ಅದಕ್ಕೆ ಸಿಗುತ್ತಿದ್ದ ಉತ್ತರ: ತಿಳುವಳಿಕೆ ಇಲ್ಲದ ಜನ. ಆಮೇಲೆ 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದ ವಿಜ್ಞಾನಿಗಳು 2013ರಲ್ಲಿ ಬರೆದರು. ಎರಡು ಸಲ ಹಾಕಿಸಿಕೊಂಡವರಿಗೆ ರಕ್ಷಣೆ ಸುಮಾರು ನೂರಕ್ಕೆ 62, ಮತ್ತೊಂದು ಹೆಚ್ಚುವರಿ ಸೂಜಿ ಹಾಕಿಸಿಕೊಂಡವರಿಗೆ ಸುಮಾರು 83. ಅಂದರೆ ಎರಡು ಸಲ ಹಾಕಿಸಿಕೊಂಡರೂ ಪೂರ್ತಿ ಕಾವಲಿಲ್ಲ ಎಂದು ಜನ ಹೇಳಿದ್ದು ನಿಜವೇ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಲಗೋಡು ಕಡೆ ಕಾಯಿಲೆ ಎದ್ದಿತು, 2019ರಲ್ಲಿ ಹಲವರು ಜೀವ ಕಳಕೊಂಡರು. 2022ರಲ್ಲಿ, ಮದ್ದಿಗೆ ಸಾಕಷ್ಟು ಶಕ್ತಿ ಇಲ್ಲವೆಂದು, ಆ ಚುಚ್ಚುಮದ್ದನ್ನೇ ನಿಲ್ಲಿಸಲಾಯಿತು.

ಇದರಿಂದ ಚುಚ್ಚುಮದ್ದುಗಳೇ ಸುಳ್ಳು ಎಂದು ಯಾರಾದರೂ ಹೊರಟರೆ ನಾನು ಅವರ ಜೊತೆಗಿಲ್ಲ. ಸಿಡುಬನ್ನು ಊರು ಬಿಡಿಸಿದ್ದು ಸೂಜಿಯೇ, ಮಾರಿಯ ಕೋಣವಲ್ಲ. ಅರೆಬರೆ ರಕ್ಷಣೆಯೂ ಆ ಕಾಲದಲ್ಲಿ ಜೀವ ಉಳಿಸಿದೆ. ನಾನು ಹೇಳುವುದು, ಅನುಮಾನ ಹುಟ್ಟುವುದು ಮಾಹಿತಿ ಮುಚ್ಚಿಟ್ಟ ಕಡೆ. ‘ಈ ಮದ್ದು ಹತ್ತರಲ್ಲಿ ಆರು ಜನಕ್ಕೆ ಕಾವಲು, ಆದ್ದರಿಂದ ಮೈಗೆ ಎಣ್ಣೆಯನ್ನೂ ಹಚ್ಚಿಕೊಳ್ಳಿ, ಮಂಗ ಸತ್ತ ಜಾಗಕ್ಕೆ ಹೋಗಬೇಡಿ’ ಎಂದು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ನಮ್ಮ ಜನಕ್ಕೆ ಅರ್ಥವಾಗುತ್ತಿರಲಿಲ್ಲವೇ? ಮಳೆ ನಂಬಿ ಬಿತ್ತುವವರಿಗೆ ಹತ್ತರಲ್ಲಿ ಆರು ಎಂಬ ಲೆಕ್ಕ ಹೊಸದಲ್ಲ. ಪೂರ್ತಿ ಸತ್ಯವನ್ನು ಅವರಿಗೆ ಹೇಳಬಾರದು, ಹೇಳಿದರೆ ಹೆದರುತ್ತಾರೆ ಎಂದುಕೊಳ್ಳುವುದೂ ಒಂದು ಭಯವೇ. ಅದು ಆಳುವವರ ಭಯ.

ಈ ಸೀಮೆ ನಮ್ಮ ಜನಕ್ಕೆ ಯಾವ ಭಾವನೆಯನ್ನು ಅನುಮತಿಸಿದೆ ಎಂದು ಹಿಂತಿರುಗಿ ನೋಡಿದರೆ ಕೆಳದಿಯ ಕತೆಯೇ ಕಾಣುತ್ತದೆ. ಕೆಳದಿ ಅರಸರ ಬಿರುದುಗಳಲ್ಲಿ ‘ಎಡವ ಮುರಾರಿ’ ಎಂಬುದೊಂದು. ಅದರ ಹಿಂದಿನ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ನಿಧಿ ಸಿಗಬೇಕಾದರೆ ನರಬಲಿ ಬೇಕಾಯಿತಂತೆ. ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ತಾವಾಗಿಯೇ ಕೊರಳೊಡ್ಡಿದರಂತೆ. ಕೇಳಿಕೊಂಡದ್ದು ಒಂದೇ, ತಮ್ಮ ಹೆಸರು ಉಳಿಯಲಿ ಎಂದು. ‘ತಾವಾಗಿಯೇ’ ಎಂಬ ಪದವನ್ನು ಬರೆದವರು ಯಾರು? ಕೊರಳು ಕೊಟ್ಟವರಂತೂ ಅಲ್ಲ. ಅವರ ಹೆಂಡಿರು ಅತ್ತರೋ, ಅಣ್ಣತಮ್ಮಂದಿರು ಸಿಟ್ಟಾದರೋ, ಕತೆ ಹೇಳುವುದಿಲ್ಲ. ಆಳಿಗೆ ಕತೆ ಅನುಮತಿಸಿದ ಭಾವನೆ ನಿಷ್ಠೆ ಒಂದೇ. ಇವತ್ತಿನ ವರದಿಗಳಲ್ಲಿಯೂ ನಮಗೆ ಸಿಗುವ ಸಾಲು ಹೆಚ್ಚೂಕಡಿಮೆ ಅದೇ: ಜನರು ಅಧ್ಯಯನಕ್ಕೆ ಸಹಕರಿಸಿದರು. ರಕ್ತ ಕೊಡುವಾಗ ಸಹಕಾರ ಬೇಕು. ರಕ್ತದಲ್ಲಿ ಕಂಡದ್ದೇನು ಎಂದು ಕೇಳಿದರೆ ಭಾವಾವೇಶ.

ಆದರೆ ಇದೇ ಸಾಗರದ ಮಣ್ಣಿನಲ್ಲಿ ಇನ್ನೊಂದು ಕತೆಯೂ ಇದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಸಿಡಿದೆದ್ದದ್ದಕ್ಕೆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು ಕಾರಣ. ಅದು ಬರಿಯ ಸಿಟ್ಟೇ? ಅದು ಅಳತೆಯ ಪ್ರಶ್ನೆ. ಕೊಳಗ ಎಷ್ಟು ದೊಡ್ಡದು, ಅದನ್ನು ಮಾಡಿದವರು ಯಾರು, ಅದು ಯಾರ ಕೈಯಲ್ಲಿದೆ? ಅಳತೆ ತಪ್ಪು ಎಂದು ತಿಳಿದದ್ದರಿಂದ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಅಳತೆಯನ್ನು ಊರೆಲ್ಲ ನೋಡುವಂತಾಯಿತು. ವಿಜ್ಞಾನದ ಚರ್ಚೆಗೆ ನಾವು ಒಯ್ಯಬೇಕಾದ ಸಿಟ್ಟು ಈ ಜಾತಿಯದು. ಕೊಳಗ ಒಡೆಯುವುದಷ್ಟೇ ಅದರ ಗುರಿಯಾದರೆ ನಾಳೆ ನಮಗೂ ಭತ್ತ ಅಳೆಯಲು ಬರುವುದಿಲ್ಲ. ಸರಿಯಾದ ಕೊಳಗ ಬೇಕು, ಅದನ್ನು ನಾವೂ ಹಿಡಿದು ನೋಡಬೇಕು.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನನ್ನದೊಂದು ವಿನಂತಿ. ಕೇರಿಯ ಅಳುವನ್ನು ಸಭೆಗೆ ಒಯ್ಯಿರಿ, ಒರೆಸಿ ಒಯ್ಯಬೇಡಿ. ಆದರೆ ಅದರ ಜೊತೆ ಲೆಕ್ಕವನ್ನೂ ಒಯ್ಯಿರಿ. ಯಾವ ಮನೆಯಲ್ಲಿ ಎಷ್ಟು ಜನಕ್ಕೆ ನೋವು, ಯಾವ ವಯಸ್ಸಿನಲ್ಲಿ ಶುರುವಾಯಿತು, ಅಪ್ಪನಿಗಿತ್ತೇ ಅವ್ವನಿಗಿತ್ತೇ, ಇದನ್ನು ಬರೆಯಲು ಒಂದು ನೋಟ್‌ಬುಕ್ ಸಾಕು. ಮನೆಯವರನ್ನು ಕೇಳಿ ಬರೆಯಿರಿ, ಬರೆದದ್ದನ್ನು ಅವರಿಗೆ ಓದಿ ಹೇಳಿರಿ, ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳಬೇಡಿ. ಯಾರಾದರೂ ವಂಶದ ಮಾತೆತ್ತಿ ಕೇರಿಯನ್ನು ಹೀನಾಯಿಸಿದರೆ ಜೇಬಿನಿಂದ ನಾಣ್ಯ ತೆಗೆದು ‘ಪ್ರಬಲ’, ‘ಸುಪ್ತ’ದ ಲೆಕ್ಕವನ್ನು ಅಲ್ಲೇ ತೋರಿಸಿರಿ. ನಮ್ಮವರೇ ಯಾರಾದರೂ ಏಡಿಯ ಕತೆಗೆ ಜೋತುಬಿದ್ದರೆ ಅದೇ ನಾಣ್ಯವನ್ನು ಅವರಿಗೂ ತೋರಿಸಿರಿ. ಎರಡನೆಯದು ಹೆಚ್ಚು ಕಷ್ಟ. ಸ್ನೇಹ ಇಟ್ಟುಕೊಂಡೇ ಮಾಡಬೇಕಾದ ಕೆಲಸ ಅದು.

ಸರಕಾರವನ್ನು ಕೇಳಬೇಕಾದದ್ದು ಬೇರೆ ಇದೆ. ಈ ಕಾಯಿಲೆಯನ್ನು ಬೇರುಸಹಿತ ಕೀಳುವ ಮದ್ದಿಲ್ಲ. ನೋವು ತಗ್ಗಿಸಬಹುದು, ಸವೆದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದು, ಬಗ್ಗಿ ದುಡಿಯಲಾಗದವನಿಗೆ ಕೂತು ದುಡಿಯುವ ಕೆಲಸ ಕೊಡಬಹುದು, ಕೆಲಸವೇ ಆಗದವನಿಗೆ ಬದುಕುವಷ್ಟು ಮಾಸಾಶನ ಕೊಡಬಹುದು. ಮದುವೆಯಾಗುವ ಹುಡುಗ ಹುಡುಗಿಗೆ ನಾಣ್ಯದ ಲೆಕ್ಕವನ್ನು ಅವಮಾನವಿಲ್ಲದೆ, ಗುಟ್ಟು ಬಿಟ್ಟುಕೊಡದೆ ಹೇಳಿ, ನಿರ್ಧಾರವನ್ನು ಅವರಿಗೇ ಬಿಡಬಹುದು. ಇದ್ಯಾವುದಕ್ಕೂ ಕಾರಣ ವಿಷವೇ ಆಗಿರಬೇಕಾಗಿಲ್ಲ. ಕಾರಣ ವಂಶ ಎಂದಾಕ್ಷಣ ಪರಿಹಾರದ ಕಡತ ಮುಚ್ಚುತ್ತದೆ ಎಂದಾದರೆ, ಮುಚ್ಚಿದ್ದು ವಿಜ್ಞಾನವಲ್ಲ, ಆಡಳಿತ.

ಇನ್ನೊಂದು ಬೇಡಿಕೆ ಬಹಳ ಸಣ್ಣದು. ಇಷ್ಟು ವರ್ಷ ಆ ಮೈಗಳಿಂದ ರಕ್ತ ತೆಗೆದು, ಎಲುಬಿನ ಚಿತ್ರ ತೆಗೆದು ಬರೆದ ಎಲ್ಲ ವರದಿಗಳ ಸಾರವನ್ನು ಕನ್ನಡದಲ್ಲಿ ಬರೆಸಿ, ಹಂದಿಗೋಡಿನ ಕೇರಿಯಲ್ಲಿ, ರೋಗಿಗಳ ಎದುರಿಗೆ, ಗಟ್ಟಿಯಾಗಿ ಓದಬೇಕು. ಓದುವಾಗ ಯಾರಾದರೂ ಅತ್ತರೆ ಓದುವುದನ್ನು ನಿಲ್ಲಿಸಿ ಅಳು ಮುಗಿಯುವವರೆಗೆ ಕಾಯಬೇಕು. ಯಾರಾದರೂ ಸಿಟ್ಟಿನಿಂದ ಪ್ರಶ್ನೆ ಕೇಳಿದರೆ ಆ ಪ್ರಶ್ನೆಯನ್ನು ಬರೆದುಕೊಂಡು, ಗೊತ್ತಿದ್ದರೆ ಉತ್ತರ ಕೊಟ್ಟು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಅಷ್ಟು ಮಾಡಿದ ದಿನ ನಾವೂ ವಿಜ್ಞಾನಕ್ಕೆ ಜಾತಿ ಇಲ್ಲ ಎಂದು ಒಪ್ಪುತ್ತೇವೆ.